ಸುಣ್ಣದ ಕಿಟಕಿ

ನಮ್ಮ ಮನೆಯಲ್ಲಿ ಒಂದು ಬಶಿ ಇದೆ. ಅದರ ಮೇಲಿಡುವ ಚಹಾದ ಕಪ್ಪು ಒಡೆದು ಎಷ್ಟೋ ವರ್ಷವಾಯಿತು, ಬಶಿ ಮಾತ್ರ ಗಟ್ಟಿ ಜೀವ ಹಿಡಿದು ಉಳಿದಿದೆ. ನಡುವೆ ಒಂದು ಸಣ್ಣ ಬಿರುಕು, ಬಿರುಕಿನೊಳಗೆ ಬೂದಿ ಬಣ್ಣದ ಒಂದು ಗೆರೆ. ನನ್ನ ಸೊಸೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಸೋಡಾಪುಡಿ ಹಾಕಿ ತಿಕ್ಕಿದಳು, ಕೊನೆಗೆ ಸೋತು ಹೊರಗೆ ಎಸೆಯಲು ಹೊರಟಳು. ನಾನು ಕಸಿದುಕೊಂಡೆ. ಅಂದಿನಿಂದ ಬಂದವರ ಮುಂದೆಲ್ಲ "ನಮ್ಮ ಅತ್ತ್ಯಾರಿಗೆ ಹಳೇ ಸಾಮಾನಂದ್ರ ಭಾಳ ಜೀವ" ಎಂದು ಹೇಳುತ್ತಾಳೆ. ಹಾಗೇನೂ ಇಲ್ಲ. ಗಂಡನ ಅಂಗಿ ಅವರ ಮೈಮೇಲಿದ್ದಾಗಲೇ ಅದಕ್ಕೆ ಯಾವ ಸ್ಟೀಲು ಡಬ್ಬಿ ಬರುತ್ತದೆಂದು ಹಳೇ ಬಟ್ಟೆಗೆ ಪಾತ್ರೆ ಕೊಡುವ ಭಾಂಡೆಯವಳ ಹತ್ತಿರ ಮಾತಾಡಿಟ್ಟವಳು ನಾನು. ಈ ಬಶಿಯನ್ನು ಕಲೆ ಹತ್ತಿದ ದಿನವೇ ತೊಳೆಯದೆ ಬಿಟ್ಟದ್ದು ಪ್ರೀತಿಯಿಂದಲ್ಲ, ಸೋಮಾರಿತನದಿಂದ. ಸೋಮಾರಿತನಕ್ಕೂ ವಯಸ್ಸಾದರೆ ಜನ ಅದಕ್ಕೆ ಒಳ್ಳೆಯ ಹೆಸರು ಕೊಡುತ್ತಾರೆ.

ಬಶಿಯ ಕಥೆ ಹೇಳಬೇಕೆಂದರೆ ಮೊದಲು ಪೋಲೆಂಡಿನ ಕಥೆ ಹೇಳಬೇಕು. ಹೆದರಬೇಡಿ, ನಾನೇನೂ ಪೋಲೆಂಡಿಗೆ ಹೋಗಿ ಬಂದವಳಲ್ಲ. ಆ ಕಾಲದಲ್ಲಿ ನನಗೆ ಮುರಗೋಡ ದಾಟಿ ಹೋಗಬೇಕಾದರೂ ಮಾವನ ಅಪ್ಪಣೆ ಬೇಕಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಾನು ಬೈಲಹೊಂಗಲದ ಪೇಟೆಯ ಹುಡುಗಿ, ಸವದತ್ತಿ ತಾಲೂಕಿನ ಒಂದು ಹೊಳೆದಂಡೆಯ ಹಳ್ಳಿಗೆ ಸೊಸೆಯಾಗಿ ಹೋದೆ. ಅಲ್ಲಿಯ ಕನ್ನಡ ಶಾಲೆಯಲ್ಲೇ ಪಾಠ ಹೇಳುವ ಅಕ್ಕೋರೂ ಆದೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರು ಬಿಟ್ಟು ದೂರ ಹೋಗಿ ನೆಲೆಸಿದವರೂ ಇವತ್ತಿಗೂ ಬಸ್ಸು ಹತ್ತಿ ಬಂದು, ಮುಳುಗಿದ ತಮ್ಮ ಮನೆಯ ಮಾಳಿಗೆ ಎಷ್ಟು ಎತ್ತರವಿತ್ತು ಎಂದು ನನ್ನ ಜೊತೆ ಜಗಳ ತೆಗೆಯುತ್ತಾರೆ.

ಆಗ ಶಾಲೆಗಳಿಗೆ ರಷ್ಯಾದ ಕಡೆಯ ದೇಶಗಳಿಂದ ನುಣುಪು ಕಾಗದದ ಪತ್ರಿಕೆಗಳು ಪುಕ್ಕಟೆ ಬರುತ್ತಿದ್ದವು. ಅವುಗಳನ್ನು ಓದುವ ಕೆಟ್ಟ ಚಾಳಿ ಯಾರಿಗೂ ಇರಲಿಲ್ಲ. ಆದರೆ ಪುಸ್ತಕಕ್ಕೆ ಹೊದಿಕೆ ಹಾಕಲು ಅಂಥ ಕಾಗದ ಬೇರೆಲ್ಲೂ ಸಿಗುತ್ತಿರಲಿಲ್ಲ. ಇಡೀ ತಾಲೂಕಿನ ಗಣಿತದ ಪುಸ್ತಕಗಳ ಮೇಲೆ ಕೆಂಪು ಕೆನ್ನೆಯ ಹೆಂಗಸರು ಟ್ರ್ಯಾಕ್ಟರ್ ಹತ್ತಿ ನಗುತ್ತಿದ್ದರು. ಒಳಗೆ ಲ.ಸಾ.ಅ., ಮ.ಸಾ.ಅ. ನೋಡಿ ಅಳುವ ಮಕ್ಕಳು.

ಸವದತ್ತಿಯ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರೊಬ್ಬರು ಮಾತ್ರ ಹೊದಿಕೆಗೆ ಕತ್ತರಿಸುವ ಮೊದಲು ಅದನ್ನು ಓದುತ್ತಿದ್ದರು. ಹಾಗೆ ಓದುವಾಗ ಅವರ ಕಣ್ಣಿಗೆ ಬಿದ್ದದ್ದು ಪೋಲೆಂಡಿನ ಒಬ್ಬ ಚಿತ್ರಕಾರನ ಸುದ್ದಿ. ಯುದ್ಧದಲ್ಲಿ ನೆಲಸಮವಾದ ಅಲ್ಲಿಯ ಊರುಗಳ ಕಟ್ಟಡಗಳನ್ನು ಆ ಮನುಷ್ಯ ಹಳೆಯ ಫೋಟೋ ನೋಡಿ, ಮುದುಕರನ್ನು ಕೇಳಿ, ಒಂದೊಂದಾಗಿ ಜಲವರ್ಣದಲ್ಲಿ ಬರೆದಿಡುತ್ತಿದ್ದನಂತೆ. ಇನ್ನೂ ದೊಡ್ಡ ಸುದ್ದಿಯೆಂದರೆ, ಆ ದೇಶದಲ್ಲಿ ಒಂದು ಇಡೀ ಪೇಟೆಯನ್ನು ಹಳೆಯ ಚಿತ್ರಗಳನ್ನು ನೋಡಿಕೊಂಡೇ ಮೊದಲಿದ್ದ ಹಾಗೆ ಮತ್ತೆ ಕಟ್ಟಿದ್ದರಂತೆ. ಮಾಸ್ತರರು ಇದನ್ನು ಓದಿದ ದಿನವೇ ಕೆಟ್ಟರು. ತರಗತಿಯಲ್ಲಿ ಮಾವಿನಹಣ್ಣು, ಗಡಿಗೆ ಬರೆಸುವುದನ್ನು ಬಿಟ್ಟು ಪೋಲೆಂಡಿನ ಚೂಪು ಚೂಪು ಮಾಳಿಗೆಗಳನ್ನು ಬರೆಸತೊಡಗಿದರು. ಮಾಳಿಗೆ ಮೇಲಿನ ಹಿಮ ನೋಡಿ ಮಕ್ಕಳು "ಅರಳಿ ಒಣಗಾಕ ಹಾಕ್ಯಾರೇನ್ರಿ ಸರ್" ಎಂದು ಕೇಳಿದವಂತೆ. ಹತ್ತಿ ಬೆಳೆಯುವ ನಾಡಿನ ಮಕ್ಕಳು, ಇನ್ನೇನು ಕೇಳಿಯಾವು? ಅಂದಿನಿಂದ ಅವರು ಪೋಲೆಂಡ್ ಮಾಸ್ತರ ಆದರು. ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿತ್ತು, ಅದು ಅವರಿಗೂ ಅಷ್ಟಾಗಿ ನೆನಪಿರಲಿಲ್ಲ.

ಮಾಸ್ತರರದು ಒಂದೇ ಹಟ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಒಮ್ಮೆ ಶಾಲೆಯ ಗೋಡೆಗೆ ತೂಗುಹಾಕಲು ಕಿತ್ತೂರ ಕೋಟೆಯ ಚಿತ್ರ ಬೇಕೆಂದು ಹೆಡ್ ಮಾಸ್ತರರು ಇವರನ್ನು ಕಳಿಸಿದರು. ಇವರು ಎರಡು ದಿನ ಅಲ್ಲೇ ಕೂತು ಬಿದ್ದ ಗೋಡೆ, ಬೆಳೆದ ಜಾಲಿ, ಜಾಲಿ ತಿನ್ನುವ ಆಡು, ಎಲ್ಲವನ್ನೂ ಬರೆದು ತಂದರು. ಹೆಡ್ ಮಾಸ್ತರರು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, ಕುದುರೆ ಮೇಲಿನ ರಾಣಿ ಎಲ್ಲಿ ಎಂದು ಕೇಳಿದರಂತೆ. "ನಾ ಹೋದಾಗ ಇರಲಿಲ್ರಿ" ಎಂದರಂತೆ ನಮ್ಮ ಮಾಸ್ತರರು. ಆ ಚಿತ್ರ ಗೋಡೆ ಹತ್ತಲಿಲ್ಲ.

ಇಂಥ ಮನುಷ್ಯ ನಮ್ಮೂರಿಗೆ ಬಂದದ್ದಕ್ಕೆ ಕಾರಣ ನವಿಲುತೀರ್ಥದ ಅಣೆಕಟ್ಟು. ಅಣೆಕಟ್ಟು ಏಳುತ್ತಿತ್ತು, ಹಿನ್ನೀರು ನಮ್ಮೂರನ್ನು ಮುಳುಗಿಸಲಿತ್ತು. ಮನೆಗಳ ಗೋಡೆಯ ಮೇಲೆ ಸರಕಾರದವರು ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಎತ್ತರದ ಬಯಲಿನಲ್ಲಿ ಹೊಸ ಊರಿಗೆ ಜಾಗ ಗುರುತಾಗಿತ್ತು. ಆಗ ಒಂದು ಭಾನುವಾರ ಮಾಸ್ತರರು ಸೈಕಲ್ಲಿನ ಹಿಂದೆ ಹಲಗೆ ಕಟ್ಟಿಕೊಂಡು, ಕೈಚೀಲದಲ್ಲಿ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಊರಿನ ಅಗಸಿ ಬಾಗಿಲಲ್ಲಿ ಬಂದು ಇಳಿದರು. ಇನ್ನು ಪ್ರತಿ ಭಾನುವಾರ ಬಂದು ಊರಿನ ಮನೆಗಳನ್ನೆಲ್ಲ ಬರೆದಿಡುತ್ತೇನೆ, ಮುಂದೆ ಯಾರಿಗಾದರೂ ನೋಡಿ ಕಟ್ಟಲು ಬೇಕಾದೀತು ಎಂದು ಹೇಳಿದರು. ಊರಿನವರಿಗೆ ಪೋಲೆಂಡು ಎಲ್ಲಿದೆಯೋ ಗೊತ್ತಿರಲಿಲ್ಲ. ಆದರೆ ಅದೂ ಯಾವುದೋ ಅಣೆಕಟ್ಟಿನಲ್ಲಿ ಮುಳುಗಿದ ದೇಶ ಎಂದು ತಿಳಿದು ಬಹಳ ಮರುಗಿದರು.

ಇಲ್ಲಿಂದ ತಮಾಷೆ ಶುರುವಾಯಿತು. ನಮ್ಮ ಕಡೆ ಆಗ ಫೋಟೋ ತೆಗೆಸುವುದೆಂದರೆ ಹೇಗೆ ಎಂಬುದು ನಿಮಗೂ ಗೊತ್ತಿರಬೇಕು. ಇದ್ದ ಬಟ್ಟೆಯಲ್ಲಿ ಯಾರೂ ಫೋಟೋಕ್ಕೆ ಕೂಡುತ್ತಿರಲಿಲ್ಲ. ಒಬ್ಬರ ಕೋಟು, ಇನ್ನೊಬ್ಬರ ಕೈಗಡಿಯಾರ, ಮತ್ತೊಬ್ಬರ ಸರ ಇಸಿದುಕೊಂಡು, ಸ್ಟುಡಿಯೋದವನ ಹೂದಾನಿಯ ಪಕ್ಕ ಉಸಿರು ಬಿಗಿಹಿಡಿದು ಕೂಡುವುದು. ನಮ್ಮೂರಿನವರು ತಮ್ಮ ಮನೆಗಳನ್ನೂ ಹಾಗೇ ಕೂಡಿಸಿದರು. ಮಾಸ್ತರರು ಯಾರ ಮನೆಗೆ ಬರುವರೆಂದು ಗೊತ್ತಾಗುತ್ತಲೇ ಆ ಮನೆಯವರು ಓಣಿಯೆಲ್ಲ ತಿರುಗಿ ಸಾಮಾನು ಇಸಿದು ತರುತ್ತಿದ್ದರು. ಊರಿಗೆ ಒಂದೇ ಇದ್ದ ದೊಡ್ಡ ತಾಮ್ರದ ಹಂಡೆ ಆ ಬೇಸಿಗೆಯಲ್ಲಿ ಮನೆಯಿಂದ ಮನೆಗೆ ಉರುಳಿ ಉರುಳಿ ತಳ ಸವೆಸಿಕೊಂಡಿತು. ಒಂದೇ ಜೋಡಿ ಬಿಳಿ ಎತ್ತು ಹನ್ನೊಂದು ಮನೆಗಳ ಮುಂದೆ ಮೆಲುಕು ಹಾಕುತ್ತ ನಿಂತವು. ಆ ಚಿತ್ರಗಳನ್ನು ನೋಡಿದರೆ ಇಡೀ ಊರೇ ಜೋಡೆತ್ತಿನ ಒಡೆಯರ ಊರು.

ಮೇಲಿನ ಓಣಿಯ ಒಬ್ಬ ಪುಣ್ಯಾತ್ಮ ಚಚಡಿಯ ಜಮೀನುದಾರರ ವಾಡೆಯ ಬಾಗಿಲನ್ನು ನೋಡಿ ಬಂದಿದ್ದ. ತನ್ನ ಮನೆಗೂ ಕೆತ್ತನೆಯ ಬಾಗಿಲು ಬೇಕೆನಿಸಿತು. ಮನೆ ಕಳಚುತ್ತಿದ್ದ ಇನ್ನೊಬ್ಬರಿಂದ ಹಳೆಯ ಕೆತ್ತನೆಯ ಬಾಗಿಲನ್ನು ಒಂದು ದಿನದ ಮಟ್ಟಿಗೆ ಹೊರಿಸಿಕೊಂಡು ಬಂದು, ತನ್ನ ತಗಡಿನ ಬಾಗಿಲ ಮುಂದೆ ನಿಲ್ಲಿಸಿ, ಹಿಂದಿನಿಂದ ಇಬ್ಬರು ಅಳಿಯಂದಿರನ್ನು ಹಿಡಿಯಲು ಹಚ್ಚಿದ. ಮಾಸ್ತರರು ಕಂಡದ್ದನ್ನು ಬರೆದರು. ಬರೆದು ಮುಗಿದ ಮೇಲೆ ನೋಡಿದರೆ ಬಾಗಿಲ ಕೆಳಗೆ ನಾಲ್ಕು ಪಾದಗಳು. ಅಳಿಯಂದಿರಲ್ಲಿ ಒಬ್ಬನ ಹೆಬ್ಬೆರಳಿಗೆ ಸುತ್ತಿದ ಅರಿವೆಯನ್ನೂ ಬಿಟ್ಟಿರಲಿಲ್ಲ. ಆ ಮನೆಯವರು ಮಾಸ್ತರರ ಜೊತೆ ಒಂದು ತಿಂಗಳು ಮಾತು ಬಿಟ್ಟರು.

ನಾನೇನೂ ಕಡಿಮೆಯವಳಲ್ಲ. ನಮ್ಮ ಮನೆಯ ಮುಂಗಟ್ಟೆ ಬರೆಯುವಾಗ ಅಲ್ಲೊಂದು ಗುಲಾಬಿ ಕುಂಡ ಇದ್ದರೆ ಚೆನ್ನ ಎಂದು ಮೆಲ್ಲಗೆ ಹೇಳಿ ನೋಡಿದೆ. ಬೈಲಹೊಂಗಲದ ತವರುಮನೆಯ ಅಂಗಳದಲ್ಲಿ ಇತ್ತಲ್ಲ, ಆ ನೆನಪಿಗೆ. ಮಾಸ್ತರರು ತಲೆ ಎತ್ತದೆ, ಕುಂಡ ತಂದಿಡಿ, ಬರೆಯುತ್ತೇನೆ ಎಂದರು. ನಾನು ತರಲಿಲ್ಲ, ಅವರು ಬರೆಯಲಿಲ್ಲ. ಪೋಲೆಂಡಿನ ಚಿತ್ರಕಾರನಿಗೆ ಅವರ ಪರವಾಗಿ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟವಳಿಗೆ ಇಷ್ಟೇ ಮರ್ಯಾದೆ. ಆ ಪತ್ರದಲ್ಲಿ ನಾನು ಕಲಿತ ಇಂಗ್ಲಿಷನ್ನೆಲ್ಲ ಹಾಕಿ, ನಾವೆಲ್ಲ ಕ್ಷೇಮ, ತಮ್ಮ ಮನೆಯವರ ಕ್ಷೇಮಕ್ಕೆ ಬರೆಯುವುದು, ಈ ಕಡೆ ಮಳೆ ಕಡಿಮೆ ಎಂದು ಶುರುಮಾಡಿದ್ದೆ. ಆರು ತಿಂಗಳ ಮೇಲೆ ಪತ್ರಿಕೆಯವರಿಂದ ಒಂದು ಕ್ಯಾಲೆಂಡರು ಬಂತು, ಹಿಂದಿನ ವರ್ಷದ್ದು. ಮಾಸ್ತರರು ಅದನ್ನು ಮೂರು ವರ್ಷ ಗೋಡೆಯಿಂದ ಇಳಿಸಲಿಲ್ಲ.

ನಮ್ಮ ಮನೆಯ ಚಿತ್ರಗಳು ನಡೆದಾಗಲೇ ಈ ಬಶಿ ಕಥೆಯೊಳಗೆ ಬಂದದ್ದು. ಅತ್ತೆ ಗೌರವ್ವ ಚಹಾ ಕೊಟ್ಟರೆ ಕಪ್ಪಿನಿಂದ ಬಶಿಗೆ ಸುರಿದುಕೊಂಡು ಕುಡಿಯಬೇಕು, ಅದು ನಮ್ಮ ಕಡೆಯ ಪದ್ಧತಿ. ಮಾಸ್ತರರು ಚಿತ್ರದ ಗುಂಗಿನಲ್ಲಿ ಕುಂಚವನ್ನು ಚಹಾದಲ್ಲಿ ಅದ್ದಿದರು, ಬಣ್ಣದ ನೀರನ್ನು ಬಶಿಗೆ ಸುರಿದು ಕುಡಿದರು. ಅರ್ಧ ಕುಡಿದ ಮೇಲೆ, ಇವತ್ತು ಚಹಾ ಸ್ವಲ್ಪ ಚೊಗರು ಎಂದರು. ಅತ್ತೆ ಆ ಬಶಿಯನ್ನು ಉಳಿದವುಗಳ ಜೊತೆ ಸೇರಿಸಲಿಲ್ಲ. ಗೋಡೆಯ ಮಾಡದಲ್ಲಿ ಬೇರೆ ಎತ್ತಿಟ್ಟು, ಇದು ಮಾಸ್ತರ ಬಶಿ, ಇದರಲ್ಲಿ ಅವರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದರು.

ಈಗ ಅತ್ತೆಯ ಅಡಿಗೆಮನೆಯ ವಿಷಯ ಹೇಳಬೇಕು. ಹಳೆಯ ಮಣ್ಣಿನ ಮಾಳಿಗೆಯ ಮನೆ, ದಪ್ಪನೆಯ ಗೋಡೆ, ತೇಗದ ತೊಲೆ, ಎಲ್ಲ ಸರಿ. ಆದರೆ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮಳೆ ಬಂದರೆ ಅದಕ್ಕೂ ಚಪ್ಪಡಿ. ಹತ್ತಿಕಟ್ಟಿಗೆ, ಸೆಗಣಿಯ ಕುಳ್ಳು ಉರಿಸುವ ಒಲೆ. ಮದುವೆಯಾಗಿ ಬಂದ ಮೂವತ್ತು ವರ್ಷದಿಂದ ಅತ್ತೆ ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ ಕೇಳುತ್ತಿದ್ದರು. ಮಾವ ಕೊಡುತ್ತಿರಲಿಲ್ಲ. ಕಾರಣ, ಆ ಗೋಡೆಯ ಆಚೆ ಮಾವನ ದಾಯಾದಿಯ ಹಿತ್ತಿಲು. ಕಿಟಕಿ ಇಟ್ಟರೆ ನಮ್ಮ ಗಡಿಗೆಯಲ್ಲಿ ಏನು ಬೇಯುತ್ತಿದೆ ಎಂಬುದು ಅವರ ಮೂಗಿಗೆ ಗೊತ್ತಾಗುತ್ತದಂತೆ. ಪಾಪ, ನಮ್ಮ ಗಡಿಗೆಯದು ಅವರ ಮೂಗಿಗಲ್ಲ, ನಾಲಗೆಗೇ ದಿನವೂ ಗೊತ್ತಾಗುತ್ತಿತ್ತು. ಅತ್ತೆ ಮತ್ತು ಆ ದಾಯಾದಿಯ ಹೆಂಡತಿ ಶಿವಕ್ಕ ಹಿತ್ತಿಲ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟಿಸದ ದಿನವೇ ಇರಲಿಲ್ಲ. ಗಂಡಸರಿಗೆ ಇದು ಗೊತ್ತಿರಲಿಲ್ಲ. ಮಾವ ಎಷ್ಟೋ ಸಲ ಶಿವಕ್ಕ ಮಾಡಿದ ಬದನೆಕಾಯಿ ಎಣ್ಣೆಗಾಯಿಯನ್ನು ಚಪ್ಪರಿಸಿ ತಿಂದು, ದಾಯಾದಿಯ ಮನೆಯವರಿಗೆ ಉಪ್ಪು ಹುಳಿ ಗೊತ್ತಿಲ್ಲ ಎಂದು ಬೈದು ಕೈ ತೊಳೆದದ್ದುಂಟು.

ಕಿಟಕಿ ಸಿಗದಾಗ ಅತ್ತೆ ಬೇರೆ ಉಪಾಯ ಮಾಡಿದ್ದರು. ಒಲೆಯ ಮೇಲೆ, ಕರಿಹಿಡಿದ ಅದೇ ಹಿಂದಿನ ಗೋಡೆಗೆ ಸುಣ್ಣದಿಂದ ಒಂದು ಚೌಕ, ಅದರೊಳಗೆ ಅಡ್ಡ ಒಂದು, ಉದ್ದ ಒಂದು ಗೆರೆಯನ್ನು ಕರಿಯಾಗಿಯೇ ಬಿಟ್ಟು, ಉಳಿದದ್ದಕ್ಕೆ ಬೆಳ್ಳಗೆ ಬಳಿದಿದ್ದರು. ಹೊಗೆ ಹತ್ತಿ ಮಂಕಾದಾಗ, ಅಮಾವಾಸ್ಯೆಗೊಮ್ಮೆ ಮತ್ತೆ ಬಳಿಯುವರು. ನಾನು ಹೊಸದಾಗಿ ಹೋದಾಗ ಅದನ್ನು ಈ ಮನೆತನದ ಒಲೆಯ ದೇವರೆಂದು ತಿಳಿದೆ. ಹಬ್ಬ ಹುಣ್ಣಿಮೆಗೆ ಗೋಡೆಯ ಮೇಲೆ ಸುಣ್ಣದ ದೇವರನ್ನು ಬರೆಯುವುದು ಇದ್ದದ್ದೇ ಅಲ್ಲವೇ? ಒಂದು ತಿಂಗಳು ದಿನಾ ಬೆಳಿಗ್ಗೆ ಮಿಂದು ಅದಕ್ಕೆ ಕುಂಕುಮ ಏರಿಸಿ ಕೈ ಮುಗಿದೆ. ಅತ್ತೆ ಬೇಡ ಅನ್ನಲೂ ಇಲ್ಲ. ನಿಜ ಗೊತ್ತಾಗಿ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಓದಿದ ಸೊಸೆ, ಏನೋ ತಿಳಿದೇ ಮಾಡುತ್ತಿದ್ದಾಳೆ ಅಂದುಕೊಂಡೆ ಎಂದರು.

ಮಾಸ್ತರರು ಮುಂಭಾಗ, ಪಡಸಾಲೆ, ದನದ ಮನೆ ಎಲ್ಲ ಬರೆದು, ಹಿಂದಿನ ಗೋಡೆಯನ್ನು ಬರೆಯಲು ಹಿತ್ತಿಲಲ್ಲಿ ಕೂತ ದಿನ ಅತ್ತೆ ಕೈ ಒರೆಸುತ್ತ ಹೊರಗೆ ಬಂದರು.

"ಮಾಸ್ತರ, ಚಿತ್ರದಾಗ ಇಲ್ಲೊಂದು ಕಿಡಕಿ ತಗೀರಿ."

"ಇಲ್ಲಿ ಕಿಡಕಿ ಇಲ್ಲಲ್ರಿ ಅವ್ವಾರ."

"ಇಲ್ಲ ಅಂತನಽ ಹೇಳಾಕತ್ತೇನಿ."

ಮಾಸ್ತರರು ಕುಂಚ ಕೆಳಗಿಟ್ಟು ಪೋಲೆಂಡಿನ ಕಥೆಯನ್ನು ಮೊದಲಿನಿಂದ ಹೇಳಿದರು. ಚಿತ್ರ ನೋಡಿ ಊರು ಕಟ್ಟುತ್ತಾರೆ. ಇವತ್ತು ಸುಳ್ಳು ಕಿಟಕಿ ಬರೆದರೆ ನಾಳೆ ಯಾರೋ ಅದನ್ನು ನಂಬಿ ಕಿಟಕಿ ಇಟ್ಟುಬಿಡುತ್ತಾರೆ, ಹಳೆಯ ಮನೆಗೆ ಮೋಸವಾಗುತ್ತದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಚಲೋ ಆತಲ್ರಿ. ಇಲ್ಲದ್ದನ್ನ ಇಲ್ಲದಂಗ ತಗದ್ರ, ಮುಂದ ನೋಡಿ ಕಟ್ಟಾವರು ನನಗ ಇನ್ನೊಮ್ಮಿ ಹೊಗಿ ಕುಡಸ್ತಾರ."

ನಾನು ಅಡ್ಡ ಬಾಯಿ ಹಾಕಿದೆ. ಶಾಲೆಯಲ್ಲಿ ಸತ್ಯದ ಪಾಠ ಹೇಳುವ ಅಕ್ಕೋರು, ಸುಮ್ಮನಿರಲಾದೀತೇ? ಸುಳ್ಳು ಬರೆಸುವುದು ತಪ್ಪು ಅತ್ತಿ, ನಾಳೆ ಮಕ್ಕಳು ಮರಿ ನೋಡುವಂಥದ್ದು ಎಂದು ಒಂದು ಸಣ್ಣ ಉಪದೇಶ ಮಾಡಿದೆ. ಅತ್ತೆ ನನ್ನ ಕಡೆ ತಿರುಗಿದರು. ಹೊಗೆಗೆ ಅವರ ಕಣ್ಣು ಸದಾ ಕೆಂಪು, ಆದ್ದರಿಂದ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ನೀ ದಿನಾ ಸಾಲ್ಯಾಗ ಕುಂತಿರ್ತಿ. ಅಲ್ಲಿ ಆರು ಕಿಡಕಿ ಅದಾವ."

ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ, ಚುಚ್ಚಲಿ. ಮಾಸ್ತರರು ಅಂದು ಹಿಂದಿನ ಗೋಡೆಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದರು, ಆ ಹಾಳೆಯನ್ನು ಮುಂದೆಂದೂ ಮುಗಿಸಲಿಲ್ಲ.

ಮುಂದಿನ ಭಾನುವಾರ ಬಂದವರು ಹಿತ್ತಿಲಿಗೆ ಹೋಗಲಿಲ್ಲ. ಇವತ್ತು ಅಡಿಗೆಮನೆಯ ಒಳಗೆ ಕೂತು ಬರೆಯುತ್ತೇನೆ ಎಂದರು. ಗಂಡಸರು ನಮ್ಮ ಅಡಿಗೆಮನೆಯೊಳಗೆ ಕಾಲಿಡುತ್ತಿರಲಿಲ್ಲ. ಮಾವನಿಗೇ ಊಟ ಪಡಸಾಲೆಗೆ ಹೋಗುತ್ತಿತ್ತು. ಆದರೂ ಅತ್ತೆ ಮಣೆ ಹಾಕಿದರು, ಒಲೆ ಹಚ್ಚಿದರು, ರೊಟ್ಟಿ ಬಡಿಯಲು ಕೂತರು. ಐದು ನಿಮಿಷಕ್ಕೆ ಮಾಸ್ತರರ ಕಣ್ಣಲ್ಲಿ ನೀರು, ಹತ್ತು ನಿಮಿಷಕ್ಕೆ ಹಾಳೆಯೇ ಕಾಣದು. ಕೆಮ್ಮುತ್ತ, ಸೀನುತ್ತ, ಹೊರಗೆ ಓಡಿಹೋಗಿ ಉಸಿರು ತೆಗೆದುಕೊಂಡು ಮತ್ತೆ ಒಳಗೆ ಬಂದರು. ಹೀಗೆ ನಾಲ್ಕು ಸಲ ಆಯಿತು. ಓಣಿಯಲ್ಲಿ ಅದನ್ನು ಕಂಡವರು, ಊರು ಮುಳುಗುವುದಕ್ಕೆ ಪೋಲೆಂಡ್ ಮಾಸ್ತರ ಅಳುತ್ತಿದ್ದಾರೆಂದು ಸುದ್ದಿ ಹಬ್ಬಿಸಿದರು. ಅಂದಿನಿಂದ ಊರಿನಲ್ಲಿ ಅವರ ಗೌರವ ಹೆಚ್ಚಾಯಿತು, ಕೆತ್ತನೆ ಬಾಗಿಲಿನ ಮನೆಯವರೂ ಮಾತಾಡಿಸತೊಡಗಿದರು.

ಮಾಸ್ತರರು ಇದ್ದದ್ದನ್ನೆಲ್ಲ ಬರೆದರು. ಕರಿ ಗೋಡೆ, ಒಲೆ, ಕೊಡ, ರೊಟ್ಟಿಯ ಬುಟ್ಟಿ. ಗೋಡೆಯ ಮೇಲೆ ಸುಣ್ಣದ ಚೌಕ ಇತ್ತಲ್ಲ, ಅದನ್ನೂ ಬಿಡಲಿಲ್ಲ. ಇಲ್ಲಿ ಅವರ ಕಸುಬಿನ ಒಂದು ಗುಟ್ಟು ಹೇಳಬೇಕು. ಅವರ ಪೆಟ್ಟಿಗೆಯಲ್ಲಿ ಬಿಳಿ ಬಣ್ಣವೇ ಇರಲಿಲ್ಲ. ನೀರಿನ ಬಣ್ಣದಲ್ಲಿ ಬರೆಯುವವರು ಬಿಳಿ ಬೇಕಾದ ಕಡೆ ಕಾಗದವನ್ನೇ ಬರಿದಾಗಿ ಬಿಟ್ಟುಬಿಡುತ್ತಾರೆ. ಹಾಗೆ ಅವರು ಸುತ್ತ ಕಾಡಿಗೆಯ ಹಾಗೆ ಕರಿ ಬಳಿದು, ಆ ಚೌಕವನ್ನು ಬಿಟ್ಟರು. ಹಾಳೆ ಒಣಗಿದ ಮೇಲೆ ನೋಡಿದರೆ ಅದು ಸುಣ್ಣವಲ್ಲ, ಬೆಳಕು. ಹೊರಗಿನ ಬಿಸಿಲು ಕಿಟಕಿಯಿಂದ ಒಳಗೆ ಬರುತ್ತಿದ್ದ ಹಾಗೇ ಇತ್ತು. ನಾನು ಮಾಸ್ತರರ ಮುಖ ನೋಡಿದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿ, ಒಂದು ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕಿ ಮಾಸ್ತರರ ಮುಂದಿಟ್ಟರು.

ಮಳೆಗಾಲಕ್ಕೆ ಮೊದಲು ಊರು ಎದ್ದಿತು. ತೊಲೆ, ಜಂತಿ, ಕಂಬ, ಬಾಗಿಲುಗಳನ್ನು ಕಳಚಿ ಚಕ್ಕಡಿಗಳಲ್ಲಿ ಹೇರಿಕೊಂಡು ಜನ ಮೇಲಿನ ಬಯಲಿಗೆ ಹೋದರು. ನಗಬಾರದ ಹೊತ್ತು, ಆದರೂ ನಗುವಂಥದ್ದು ಇದ್ದೇ ಇತ್ತು. ಹೊಸ ಊರಿನಲ್ಲಿ ಗುಡಿಸಲು ಹಾಕಿಕೊಂಡು ಕೂತಲ್ಲೇ ಚಿತ್ರಗಳ ಪ್ರದರ್ಶನ ನಡೆಯಿತು. ಎಲ್ಲರೂ ಎಲ್ಲರ ಚಿತ್ರ ನೋಡಿದರು. ಹನ್ನೊಂದು ಮನೆಗಳ ಮುಂದೆ ಅದೇ ಜೋಡೆತ್ತು, ಅದೇ ಹಂಡೆ ಕಂಡು ಒಬ್ಬರನ್ನೊಬ್ಬರು ಆಡಿಕೊಂಡು ಸಾಕಾದರು. ನಮ್ಮ ಮಾವ ಯಾರ ಮನೆಯಿಂದಲೂ ಒಂದು ಚಮಚೆ ಇಸಿದು ತಂದಿರಲಿಲ್ಲ. ದೊಡ್ಡ ಗುಣವೇನಲ್ಲ, ಕೇಳಲು ಸೊಕ್ಕು ಬಿಡಲಿಲ್ಲ. ಆದ್ದರಿಂದ ನಮ್ಮ ಮನೆಯ ಚಿತ್ರದಲ್ಲಿ ಮಾತ್ರ ಒಂದು ಗೆರೆಯೂ ಸುಳ್ಳಿಲ್ಲ ಎಂದು ಚಾವಡಿ, ಚಹಾದಂಗಡಿ, ಕ್ಷೌರದ ಕಟ್ಟೆ, ಎಲ್ಲ ಕಡೆ ಹೇಳುತ್ತ ತಿರುಗಿದರು. ಚಿತ್ರಗಳನ್ನು ಅವರು ಸರಿಯಾಗಿ ನೋಡಿದ್ದು ಮುಂಭಾಗದ್ದು ಒಂದೇ. ಅಡಿಗೆಮನೆಯ ಚಿತ್ರವನ್ನು ನೋಡುವುದೂ ಅಡಿಗೆಮನೆಗೆ ಹೋದ ಹಾಗೆಯೇ ಎಂದು ತಿಳಿದಿದ್ದರೇನೋ.

ಹೊಸ ಮನೆ ಕಟ್ಟಲು ರಾಮದುರ್ಗದಿಂದ ಗೌಂಡಿ ಇಮಾಮಸಾಬ ಬಂದ. ಮಾವ ಎಲ್ಲ ಚಿತ್ರಗಳನ್ನೂ ಅವನ ಕೈಗೆ ಕೊಟ್ಟು, ನಾಲ್ಕು ಜನರ ಎದುರಿಗೆ, ಹಳೆಯ ಮನೆ ಹೇಗಿತ್ತೋ ಹಾಗೇ ಕಟ್ಟಬೇಕು, ಚಿತ್ರದಲ್ಲಿದ್ದದ್ದು ಕೂದಲೆಳೆಯಷ್ಟೂ ತಪ್ಪಬಾರದು ಎಂದು ತಾಕೀತು ಮಾಡಿದರು. ಇಮಾಮಸಾಬನಿಗೆ ಅಕ್ಷರ ಬರುತ್ತಿರಲಿಲ್ಲ, ಚಿತ್ರ ಬರುತ್ತಿತ್ತು. ಗೋಡೆ ಎದೆಮಟ್ಟ ಏಳುವಾಗ ಮಾವ ತಂಗಿಯ ಮಗಳ ಲಗ್ನಕ್ಕೆಂದು ರಾಮದುರ್ಗಕ್ಕೆ ಹೋದರು, ಎಂಟು ದಿನ. ಆಗ ಇಮಾಮಸಾಬ ಅತ್ತೆಯ ಹತ್ತಿರ ಬಂದು, ಅಡಿಗೆಮನೆಯ ಕಿಟಕಿಯ ಚೌಕಟ್ಟು ಎಲ್ಲಿದೆ ಎಂದು ಕೇಳಿದ.

ನಾನು ಅಲ್ಲೇ ಇದ್ದೆ. ಅದು ಕಿಟಕಿಯಲ್ಲ, ಸುಣ್ಣ ಎಂದು ಹೇಳಲು ನನ್ನ ನಾಲಗೆ ಎದ್ದಿತ್ತು. ಶಾಲೆಯ ಆರು ಕಿಟಕಿ ನೆನಪಾಯಿತು, ನಾಲಗೆ ಕೂತಿತು. ಅತ್ತೆ ನೇರವಾಗಿ ಕುಳ್ಳಿನ ರಾಶಿಯ ಹತ್ತಿರ ಹೋದರು. ಹಳೆಯ ಊರಿನಿಂದ ಒಂದು ಚಕ್ಕಡಿ ಕುಳ್ಳು ತಂದೇ ತೀರುತ್ತೇನೆಂದು ಅವರು ಹಟ ಹಿಡಿದಾಗ ನಾವೆಲ್ಲ ನಕ್ಕಿದ್ದೆವು. ಕುಳ್ಳು ಸರಿಸಿದರೆ ಕೆಳಗೆ ಎರಡು ಮೊಳದ ಸಾಗವಾನಿ ಚೌಕಟ್ಟು, ಸರಳುಗಳ ಸಮೇತ. ಶಿವಕ್ಕ ಕೊಟ್ಟದ್ದಂತೆ, ಆ ದಾಯಾದಿಯ ಮನೆಯ ಪಡಸಾಲೆಯದು.

ಮಾವ ಮಟಮಟ ಮಧ್ಯಾಹ್ನ ಲಗ್ನದಿಂದ ಬಂದರು. ರುಮಾಲು ಬಿಚ್ಚುವ ಮೊದಲೇ ಹೊಸ ಗೋಡೆಯಲ್ಲಿ ಕಿಟಕಿ ಕಂಡಿತು. ಕೂಗಾಟಕ್ಕೆ ಅಕ್ಕಪಕ್ಕದವರು ಬಂದು ಸೇರಿದರು, ದಾಯಾದಿಯೂ ಬಂದ. ಯಾರು ಇಡಲು ಹೇಳಿದರು ಎಂದು ಮಾವ ಗದರಿದರು. ಇಮಾಮಸಾಬ ಶಾಂತವಾಗಿ ಚಿತ್ರ ಬಿಡಿಸಿ ಎದುರಿಗೆ ಹಿಡಿದ.

"ನೀವಽ ಹೇಳೀರಿ ಗೌಡ್ರ. ಚಿತ್ರದಾಗ ಇದ್ದದ್ದು ತಪ್ಪಬಾರದು ಅಂತ."

ಮಾವ ಚಿತ್ರ ನೋಡಿದರು, ಗೋಡೆ ನೋಡಿದರು, ಸುತ್ತ ನಿಂತ ಜನರನ್ನು ನೋಡಿದರು. ಒಂದು ಗೆರೆಯೂ ಸುಳ್ಳಿಲ್ಲ ಎಂದು ಇದೇ ಜನರ ಮುಂದೆ ಎರಡು ತಿಂಗಳಿಂದ ಎದೆ ತಟ್ಟಿಕೊಂಡಿದ್ದರು. ನಲವತ್ತು ವರ್ಷ ಆ ಬೋಳು ಗೋಡೆಯನ್ನು ತನ್ನ ಹಿತ್ತಿಲಿನಿಂದ ನೋಡುತ್ತ ಹಲ್ಲುಜ್ಜಿದ ದಾಯಾದಿ, ತಂಬಾಕನ್ನು ಒಂದು ದವಡೆಗೆ ಸರಿಸಿ ಬಹಳ ನಯವಾಗಿ ಕೇಳಿದ.

"ಏನಣ್ಣ, ಹಳೇ ಮನ್ಯಾಗ ಇಲ್ಲೊಂದು ಕಿಡಕಿ ಇತ್ತೇನು? ನಾ ಎಂದೂ ನೋಡಿದ್ದಿಲ್ಲ."

"ಇತ್ತು" ಎಂದರು ಮಾವ. ರುಮಾಲು ಬಿಚ್ಚುತ್ತ, "ನಿನಗ ಕಾಣತಿದ್ದಿಲ್ಲ" ಎಂದರು.

ಅತ್ತೆ ನನ್ನ ಪಕ್ಕದಲ್ಲಿ ನಿಂತಿದ್ದರು. ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎರಡು ಬಳೆ ಒಡೆದವು. ಮಾವ ಕಾಲು ತೊಳೆದು ಊಟಕ್ಕೆ ಕೂತರು. ಕಿಟಕಿಯ ಮಾತು ಮತ್ತೆ ಎತ್ತಲಿಲ್ಲ. ಎತ್ತಲು ಕಾರಣವೂ ಉಳಿದಿರಲಿಲ್ಲ. ಹೊಸ ಊರಿನಲ್ಲಿ ದಾಯಾದಿಯ ಜಾಗ ಮೂರು ಸಾಲು ಆಚೆ ಬಿದ್ದಿತ್ತು, ನಮ್ಮ ಹಿಂದಿನ ಗೋಡೆಗೆ ಬರೀ ಬಯಲು. ಬಯಲಿನ ಕೊನೆಯಲ್ಲಿ ಮಳೆಗಾಲ ಮುಗಿಯುತ್ತಲೇ ಹಿನ್ನೀರು ಕಂಡಿತು. ಅತ್ತೆ ರೊಟ್ಟಿ ಬಡಿಯುತ್ತ ಆಗಾಗ ತಲೆ ಎತ್ತಿ ಆ ಕಡೆ ನೋಡುತ್ತಿದ್ದರು. ಹಳೆಯ ಮನೆ ನೆನಪಾಯಿತೇ ಎಂದು ನಾನು ಒಮ್ಮೆ ಕಣ್ಣು ತುಂಬಿಕೊಂಡು ಕೇಳಿದೆ. ಶಿವಕ್ಕ ಪಲ್ಯ ತರುತ್ತೇನೆ ಅಂದಿದ್ದಳು, ಇನ್ನೂ ಬರಲಿಲ್ಲ ಎಂದರು.

ಮುಂದಿನ ವರ್ಷ ಮಾಸ್ತರರು ಬಂದರು. ಕಿಟಕಿ ಕಂಡು ಅವರ ಮುಖ ಸಣ್ಣದಾಯಿತು. ಗೇಣು ಹಾಕಿ ಅಳೆದರು. ಇದು ಹಳೆಯ ಮನೆಯಲ್ಲಿ ಇರಲಿಲ್ಲವಲ್ಲ ಅಕ್ಕೋರ ಎಂದು ನನ್ನನ್ನು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿ, ಆವತ್ತು ಗೊತ್ತಿದ್ದೇ ಹಾಗೆ ಬರೆದಿರೋ ಹೇಗೆ ಎಂದು ನೇರವಾಗಿ ಕೇಳಿಬಿಟ್ಟೆ. ನನ್ನ ಪೆಟ್ಟಿಗೆಯಲ್ಲಿ ಬಿಳಿ ಬಣ್ಣ ಇಲ್ಲ, ಅದು ನಿಮಗೂ ಗೊತ್ತು ಎಂದರು. ಆಮೇಲೆ ಬಶಿಯಲ್ಲಿ ಚಹಾ ಆರಿಸುತ್ತ, ಪೋಲೆಂಡಿನಲ್ಲೂ ಚಿತ್ರ ನೋಡಿ ಕಟ್ಟಿದ ಪೇಟೆಯಲ್ಲಿ ಮೊದಲು ಇರದ ಕಿಟಕಿ ಎಷ್ಟಿವೆಯೋ, ಅಲ್ಲಿಯೂ ಯಾವ ಗೌರವ್ವ ಇದ್ದಳೋ ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಕ್ಕವರು ಎದ್ದು ಹಲಗೆ ತೆಗೆದರು. ಕಿಟಕಿಯನ್ನು ಹೊರಗಿನಿಂದ ಬರೆಯುತ್ತೇನೆ, ಅವ್ವನವರು ಒಳಗೆ ಸರಳಿನ ಹಿಂದೆ ನಿಲ್ಲಲಿ ಎಂದರು. ನಾನು ಅತ್ತೆಗೆ ನನ್ನ ಇಳಕಲ್ ಸೀರೆ ಕೊಡಲು ಹೋದೆ, ಬೇಡವೆಂದು ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಮೂವತ್ತು ವರ್ಷದ ಹೊಗೆ ಅವರ ಮುಖದಲ್ಲಿ ಹಾಗೇ ಇತ್ತು. ಕೆಂಪು ಕಣ್ಣು, ರೆಪ್ಪೆ ಕೂದಲೂ ಅಷ್ಟಿಲ್ಲ, ಇದ್ದ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚು ಕಾಣುತ್ತಿದ್ದರು. ಮಾಸ್ತರರು ಹಾಳೆಯ ಮೇಲೆ ಸರಳು ಬರೆದರು, ಮುಖದ ಗೆರೆ ಹಾಕಿದರು. ಬಶಿಯಲ್ಲಿ ತಲೆಗೂದಲಿನ ಬಣ್ಣ ಕಲೆಸುತ್ತ ಕಲೆಸುತ್ತ ಕೈ ನಿಲ್ಲಿಸಿದರು. ಕಿತ್ತೂರಿಗೆ ಹೋಗಿ ರಾಣಿಯನ್ನೂ ಬರೆಯದ ಮನುಷ್ಯ, ನೆಲ ನೋಡುತ್ತ ಕೇಳಿದರು.

"ವಯಸ್ಸು ಒಂದೀಟು ಕಮ್ಮಿ ಮಾಡ್ಲೇನ್ರಿ ಅವ್ವಾರ?"

ಅತ್ತೆ ಸರಳಿನ ಹಿಂದಿನಿಂದ ಹಿನ್ನೀರಿನ ಕಡೆ ಒಮ್ಮೆ ನೋಡಿದರು.

"ಬ್ಯಾಡ್ರಿ ಮಾಸ್ತರ. ಇದನ್ನ ನೋಡಿ ನನ್ನ ಯಾರೂ ಮತ್ತ ಕಟ್ಟೂದಿಲ್ಲ. ಇದ್ದಂಗ ತಗೀರಿ."

ಮಾಸ್ತರರು ಇದ್ದ ಹಾಗೇ ಬರೆದರು. ಆ ಚಿತ್ರ ನಮ್ಮ ಪಡಸಾಲೆಯಲ್ಲಿದೆ. ಅತ್ತೆ ಹೋದ ಮೇಲೆ ಆ ಮನೆಯನ್ನು ನಾವು ಎರಡು ಸಲ ಕೆಡವಿ ಕಟ್ಟಿಸಿದೆವು. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬು ಬಂತು, ಒಲೆ ಹೋಗಿ ಗ್ಯಾಸು ಬಂತು. ಎರಡೂ ಸಲ ಕಿಟಕಿ ಇದ್ದಲ್ಲೇ ಬಂತು. ಅವರನ್ನು ಮಾತ್ರ ಯಾರಿಂದಲೂ ಮತ್ತೆ ಕಟ್ಟಲಾಗಲಿಲ್ಲ. ಅಂದು ಕಲೆಸಿದ ಬಣ್ಣದಲ್ಲಿ ಉಳಿದದ್ದು ಬಶಿಯ ಬಿರುಕಿನಲ್ಲಿ ಕೂತುಬಿಟ್ಟಿದೆ, ಅದು ಅತ್ತೆಯ ಕೂದಲಿನ ಬಣ್ಣ. ಇದನ್ನು ನಾನು ಸೊಸೆಗೆ ಹೇಳಿಲ್ಲ. ಹೇಳಿದರೆ ನಾಳೆಯಿಂದ ತಿಕ್ಕುವುದನ್ನು ಬಿಟ್ಟು ಬಶಿಗೆ ಕುಂಕುಮ ಏರಿಸಲು ಶುರುಮಾಡುತ್ತಾಳೆ, ಅವಳೂ ಓದಿದವಳು.